ಬಚ್ಚಲ ಮೂಲೆಯ ಜಿಗಿಯೋ ಚುಕ್ಕಿ: ಸ್ಪ್ರಿಂಗ್‌ಟೇಲ್ ಅಂದ್ರೆ ಏನು, ಅದರ ಫೋಟೊ ತೆಗೆಯೋದು ಹೇಗೆ?

ಮುಂಗಾರು ಹಿಡಿದು ಎರಡು ವಾರ ಆಗುತ್ತಿದ್ದಂತೆ ಮಲೆನಾಡಿನ ಮನೆಗಳಲ್ಲಿ ಒಂದು ದೂರು ಶುರುವಾಗುತ್ತದೆ. ಬಚ್ಚಲ ಮೂಲೆ, ಹೂವಿನ ಕುಂಡದ ಕೆಳಗಿನ ತಟ್ಟೆ, ಅಂಗಡಿ ಹಿಂದಿನ ಗೋಡೌನಿನ ಒದ್ದೆ ಗೋಡೆ, ಇಲ್ಲೆಲ್ಲ ಯಾರೋ ಪುಡಿ ಉದುರಿಸಿದ ಹಾಗೆ ಬೂದು ಚುಕ್ಕಿಗಳು. ಬೆರಳು ತಾಗಿಸಿದರೆ ಟಪ್ ಅಂತ ಹಾರಿ ಮಾಯ. ಮನೆಯವರು "ನಾಯಿ ಚಿಗಟ ಒಳಗೆ ಬಂದಿದೆ" ಅಂತಾರೆ, ಅಂಗಡಿಯವರು "ಅಕ್ಕಿ ಮೂಟೆಗೆ ನುಸಿ ಹತ್ತಿತು" ಅಂತಾರೆ. ಇಬ್ಬರೂ ಕೊನೆಗೆ ಹೋಗೋದು ಒಂದೇ ಕಡೆಗೆ, ಕೀಟನಾಶಕದ ಡಬ್ಬಿ ತರೋದಕ್ಕೆ.

ಹೆಚ್ಚಿನ ಸಲ ಆ ಡಬ್ಬಿ ದಂಡ. ಅದು ಚಿಗಟವೂ ಅಲ್ಲ, ನುಸಿಯೂ ಅಲ್ಲ. ಸ್ಪ್ರಿಂಗ್‌ಟೇಲ್ ಅನ್ನೋ ಮಣ್ಣಿನ ಜೀವಿ. ಕಚ್ಚೋದಿಲ್ಲ, ರೋಗ ತರೋದಿಲ್ಲ, ಒಣಗಿದ ದಿನಸಿಗೆ ಬಾಯಿ ಹಾಕೋದಿಲ್ಲ. ಇದನ್ನು ಬರಿಗಣ್ಣಲ್ಲಿ ಗುರುತಿಸೋದು ಕಷ್ಟ, ಒಂದು ಹತ್ತಿರದ ಫೋಟೊದಲ್ಲಿ ಗುರುತಿಸೋದು ಬಹಳ ಸುಲಭ. ಅದಕ್ಕೇ ಮ್ಯಾಕ್ರೊ ಫೋಟೊಗ್ರಫಿ ಕೇವಲ ಕ್ಯಾಮೆರಾ ಹುಚ್ಚಿನವರ ವಿಷಯ ಅಂತ ಬದಿಗಿಡುವಂಥದ್ದಲ್ಲ. ಈ ಜೀವಿ ಏನು, ಎಲ್ಲಿ ಸಿಗತ್ತೆ, ಇದರ ಚಿತ್ರ ಹೇಗೆ ತೆಗೀತಾರೆ ಅನ್ನೋ ಪೂರ್ಣ ವಿವರ ಇಲ್ಲಿದೆ.

ಕೀಟದ ಹಾಗಿದ್ದರೂ ಕೀಟ ಅಲ್ಲ

ಆರು ಕಾಲು, ಎರಡು ಮೀಸೆ ಇರೋದರಿಂದ ಹಿಂದೆ ಇದನ್ನು ಕೀಟಗಳ ಲೆಕ್ಕಕ್ಕೇ ಸೇರಿಸುತ್ತಿದ್ದರು. ಈಗ ಬೇರೆ ಗುಂಪು. ಇದರ ಬಾಯಿಯ ಭಾಗಗಳು ತಲೆಯೊಳಗೆ ಹುದುಗಿರುತ್ತವೆ, ಕೀಟಗಳ ಹಾಗೆ ಹೊರಗೆ ಕಾಣೋದಿಲ್ಲ. ಹೊಟ್ಟೆಯ ಭಾಗದಲ್ಲಿ ಆರೇ ಖಂಡ. ರೆಕ್ಕೆ ಯಾವ ವಯಸ್ಸಿನಲ್ಲೂ ಇಲ್ಲ. ಮರಿ ದೊಡ್ಡದಾಗುವಾಗ ಹುಳು, ಕೋಶ ಅಂತ ರೂಪ ಬದಲಿಸೋದೂ ಇಲ್ಲ. ಮೊಟ್ಟೆಯಿಂದ ಬಂದ ಮರಿ ಅಪ್ಪ ಅಮ್ಮನ ಪುಟ್ಟ ನಕಲು. ಇನ್ನೊಂದು ವಿಚಿತ್ರ ಅಂದ್ರೆ, ದೊಡ್ಡದಾದ ಮೇಲೂ ಬದುಕಿರೋವರೆಗೆ ಪೊರೆ ಕಳಚುತ್ತಲೇ ಇರುತ್ತದೆ.

ಗಾತ್ರ ಹೇಳೋದಾದರೆ, ಒಂದು ರಾಗಿ ಕಾಳು ಸುಮಾರು ಒಂದೂವರೆ ಮಿಲಿಮೀಟರ್. ಬಹುಪಾಲು ಸ್ಪ್ರಿಂಗ್‌ಟೇಲ್‌ಗಳು 1ರಿಂದ 3 ಮಿಲಿಮೀಟರ್ ಉದ್ದ, ಅದೂ ಎಳೆಯಷ್ಟು ಸಪೂರ. ರಾಗಿ ಕಾಳಿನ ಕಾಲು ಭಾಗಕ್ಕಿಂತ ಚಿಕ್ಕವೂ ಇವೆ. ಪ್ರಪಂಚದಲ್ಲಿ ಇದುವರೆಗೆ 9,000ಕ್ಕೂ ಹೆಚ್ಚು ಜಾತಿಗಳಿಗೆ ಹೆಸರಿಟ್ಟಾಗಿದೆ. ಒಳ್ಳೆ ಮಣ್ಣಿರುವ ಜಾಗದಲ್ಲಿ ಒಂದೇ ಒಂದು ಚದರ ಮೀಟರ್‌ನಲ್ಲಿ ಸಾವಿರಗಟ್ಟಲೆಯಿಂದ ಲಕ್ಷದವರೆಗೆ ಇರಬಹುದು. ಅಂದರೆ ಒಂದು ಅಡಿಕೆ ಮರದ ಬುಡದಲ್ಲಿ ನಿಂತರೆ ಚಪ್ಪಲಿ ಕೆಳಗೆ ಒಂದು ಊರೇ ಇರತ್ತೆ ಅಂತ ಇಟ್ಟುಕೊಳ್ಳಬಹುದು.

ಹೆಸರಿಗೆ ಕಾರಣ ಬಾಲದ ಕಡೆಯ ಕವಲು. ಎರಡು ಹಲ್ಲಿನ ಫೋರ್ಕ್ ಥರದ ಈ ಅಂಗವನ್ನು ಫರ್ಕುಲಾ ಅಂತಾರೆ. ಇದು ಹೊಟ್ಟೆಯ ಅಡಿಗೆ ಮಡಚಿ, ಒಂದು ಸಣ್ಣ ಕೊಕ್ಕೆಗೆ ಸಿಕ್ಕಿಸಿದ ಹಾಗೆ ಇರುತ್ತದೆ. ಅಪಾಯ ಅನ್ನಿಸಿದ ಕೂಡಲೇ ಕೊಕ್ಕೆ ಬಿಡುತ್ತದೆ, ಕವಲು ನೆಲಕ್ಕೆ ಬಡಿಯುತ್ತದೆ, ಪ್ರಾಣಿ ಗಾಳಿಯಲ್ಲಿ. ಇಲಿ ಬೋನಿನ ಸ್ಪ್ರಿಂಗ್ ನೆನಪು ಮಾಡಿಕೊಂಡರೆ ಸಾಕು. ಹೊಟ್ಟೆಯ ಅಡಿಯಲ್ಲೇ ಕೊಲೊಫೋರ್ ಅನ್ನೋ ಪುಟ್ಟ ಕೊಳವೆ ಇದೆ. ನೀರು ಹೀರೋದು, ಒದ್ದೆ ಜಾಗಕ್ಕೆ ಅಂಟಿಕೊಳ್ಳೋದು ಇದರ ಕೆಲಸ.

ತಿನ್ನೋದು ಹೆಚ್ಚಾಗಿ ಬೂಸ್ಟು, ಪಾಚಿ, ಕೊಳೆತ ಎಲೆ. ತೋಟದ ದರಗು ಗೊಬ್ಬರ ಆಗೋ ಕೆಲಸದಲ್ಲಿ ಎರೆಹುಳಕ್ಕೆ ಸಿಕ್ಕಷ್ಟು ಹೆಸರು ಇದಕ್ಕೆ ಸಿಕ್ಕಿಲ್ಲ, ಆದರೆ ಪಾಲು ಇದೆ. ಮಣ್ಣಿಗೆ ಬಿದ್ದ ರಾಸಾಯನಿಕ ಎಷ್ಟು ಕೆಟ್ಟದ್ದು ಅಂತ ನೋಡೋ ಅಂತಾರಾಷ್ಟ್ರೀಯ ಮಟ್ಟದ ಪ್ರಯೋಗಾಲಯ ಪರೀಕ್ಷೆಗಳಲ್ಲಿ ಒಂದಕ್ಕೆ ಬಳಸೋದೇ ಫೋಲ್ಸೋಮಿಯಾ ಕ್ಯಾಂಡಿಡಾ ಅನ್ನೋ ಕಣ್ಣಿಲ್ಲದ ಬಿಳಿ ಸ್ಪ್ರಿಂಗ್‌ಟೇಲ್. ರಾಸಾಯನಿಕ ಬೆರೆಸಿದ ಮಣ್ಣಿನಲ್ಲಿ ಇವನ್ನು 28 ದಿನ ಬಿಟ್ಟು, ಎಷ್ಟು ಮರಿ ಆದವು ಅಂತ ಎಣಿಸುತ್ತಾರೆ. ಕುಂಡದಲ್ಲಿ ಇವು ಕಂಡವು ಅಂತ ಔಷಧಿ ಹೊಡೆಯೋರು ಇದನ್ನೊಮ್ಮೆ ಯೋಚಿಸಬೇಕು.

ಎಲ್ಲವೂ ಸಾಧು ಅಂತೇನಿಲ್ಲ. ಆಸ್ಟ್ರೇಲಿಯಾದಲ್ಲಿ ಲೂಸರ್ನ್ ಫ್ಲೀ ಅಂತ ಕರೆಯೋ ಹಸಿರು ಗುಂಡು ಜಾತಿ ಮೇವಿನ ಬೆಳೆಗೆ ಕಾಟ ಕೊಡತ್ತೆ. ಅಣಬೆ ಬೆಳೆಯುವವರಿಗೂ ಬೆಡ್‌ನಲ್ಲಿ ಸ್ಪ್ರಿಂಗ್‌ಟೇಲ್ ಹೆಚ್ಚಾದರೆ ನಷ್ಟ, ಯಾಕಂದ್ರೆ ಅಣಬೆಯ ಬಿಳಿ ಎಳೆಗಳೇ ಅದರ ಊಟ.

ಚಿಗಟವೋ, ನುಸಿಯೋ, ಇದೋ?

ಅಂಗಡಿಯವರಿಗೆ ಮುಖ್ಯವಾಗಿ ಬೇಕಾದ ಭಾಗ ಇದು.

ಚಿಗಟದ ಮೈ ಎರಡೂ ಕಡೆಯಿಂದ ಒತ್ತಿದ ಹಾಗೆ ಚಪ್ಪಟೆ, ಬಣ್ಣ ಕಂದು, ಉಗುರಲ್ಲಿ ಒತ್ತಿದರೂ ಸುಲಭಕ್ಕೆ ಸಾಯದಷ್ಟು ಗಟ್ಟಿ. ಜಿಗಿಯೋದು ಹಿಂಗಾಲಿನಿಂದ, ಹೋಗೋದು ನಾಯಿ, ಬೆಕ್ಕು, ಮನುಷ್ಯರ ಕಾಲಿನ ಕಡೆ. ಸ್ಪ್ರಿಂಗ್‌ಟೇಲ್ ಮೆದು, ಮುಟ್ಟಿದರೆ ಅಪ್ಪಚ್ಚಿ. ಅದಕ್ಕೆ ದಿಕ್ಕಿಲ್ಲ, ಎತ್ತಲೋ ಹಾರತ್ತೆ. ಹಳೇ ಕಾಗದ, ರಟ್ಟಿನ ಡಬ್ಬ, ಹಿಟ್ಟಿನ ಚೀಲದ ಹೊಲಿಗೆಯಲ್ಲಿ ಸರಿದಾಡೋ ಮಾಸಲು ಬಿಳಿ ಪುಡಿ ಹುಳ ಇನ್ನೊಂದಿದೆ, ಅದನ್ನು ಪುಸ್ತಕದ ಹೇನು ಅಂತಾರೆ. ಅದು ಓಡತ್ತೆ, ಸ್ಪ್ರಿಂಗ್‌ಟೇಲ್ ಹಾಗೆ ಸಿಡಿಯೋದಿಲ್ಲ. ಅಕ್ಕಿಯ ಮೂತಿ ಹುಳ ಅಂತೂ ಸೊಂಡಿಲಿನಿಂದಲೇ ಗೊತ್ತಾಗತ್ತೆ.

ಗೋಡೌನಿನಲ್ಲಿ ಸ್ಪ್ರಿಂಗ್‌ಟೇಲ್ ಕಂಡರೆ ಮೂಟೆಗೆ ಅದರಿಂದ ತೊಂದರೆ ಇಲ್ಲ. ಆದರೆ ಅದು ಅಲ್ಲಿ ಇದೆ ಅಂದ್ರೆ ತೇವ ಇದೆ, ಬೂಸ್ಟು ಇದೆ ಅಂತ ಅರ್ಥ. ನಿಜವಾದ ನಷ್ಟ ಆ ಬೂಸ್ಟಿನಿಂದ. ಮೂಟೆಯನ್ನು ಗೋಡೆಯಿಂದ ಒಂದಡಿ ಈಚೆ ಎಳೆದು, ಮರದ ಪಟ್ಟಿ ಮೇಲೆ ಇಟ್ಟು, ಸೋರುವ ಹಂಚೋ ಪೈಪೋ ಸರಿಮಾಡಿ, ಗಾಳಿ ಆಡೋ ಹಾಗೆ ಮಾಡಿದರೆ ಅವು ತಾವಾಗಿ ಕಡಿಮೆ ಆಗತ್ತೆ. ಮೈಯ ತೇವ ಬೇಗ ಆರಿಹೋಗೋದರಿಂದ ಒಣ ಜಾಗದಲ್ಲಿ ಅವು ಹೆಚ್ಚು ಹೊತ್ತು ಬದುಕೋದಿಲ್ಲ. ತೇವ ಹಾಗೇ ಬಿಟ್ಟು ದಿನಸಿ ಪಕ್ಕ ವಿಷ ಹೊಡೆದರೆ ಎರಡು ವಾರಕ್ಕೆ ಅವು ಮತ್ತೆ ಬರತ್ತೆ, ವಿಷದ ವಾಸನೆ ಮಾತ್ರ ಅಕ್ಕಿಯಲ್ಲಿ ಉಳಿಯತ್ತೆ.

ಫೋಟೊ ಯಾಕಷ್ಟು ಕಷ್ಟ

ಮ್ಯಾಕ್ರೊ ಅಂದ್ರೆ ಸರಳವಾಗಿ, ವಸ್ತು ಇರುವಷ್ಟೇ ಗಾತ್ರದಲ್ಲಿ ಕ್ಯಾಮೆರಾದ ಸೆನ್ಸರ್ ಮೇಲೆ ಮೂಡೋದು. ಇದು 1 ಪಟ್ಟು. ಚಿಟ್ಟೆ, ಜೇಡಕ್ಕೆ ಇಷ್ಟು ಧಾರಾಳ. ಸಾಮಾನ್ಯ ಡಿಎಸ್‌ಎಲ್‌ಆರ್‌ನ ಸೆನ್ಸರ್ ಸುಮಾರು 22 ಮಿಲಿಮೀಟರ್ ಅಗಲ. ಒಂದು ಮಿಲಿಮೀಟರ್‌ನ ಸ್ಪ್ರಿಂಗ್‌ಟೇಲ್ ಅದರಲ್ಲಿ 22ರಲ್ಲಿ ಒಂದು ಪಾಲು, ಅಂದರೆ ಚಿತ್ರದ ನಡುವೆ ಒಂದು ಕಸ. ಕಣ್ಣು, ಕೂದಲು, ಮೀಸೆಯ ಗಂಟು ಕಾಣಬೇಕಾದರೆ 3ರಿಂದ 5 ಪಟ್ಟು ಬೇಕು. 5 ಪಟ್ಟಿನಲ್ಲಿ ಇಡೀ ಚಿತ್ರದ ಅಗಲ ಬರೀ ನಾಲ್ಕೂವರೆ ಮಿಲಿಮೀಟರ್. ಒಂದು ಸೋನಾ ಮಸೂರಿ ಅಕ್ಕಿ ಕಾಳು ಅಡ್ಡ ಮಲಗಿದರೆ ಚಿತ್ರ ಭರ್ತಿ.

ಅಲ್ಲಿಂದ ಕಷ್ಟ ಶುರು. ದೊಡ್ಡದು ಮಾಡಿದಷ್ಟೂ ಫೋಕಸ್‌ನಲ್ಲಿ ಸಿಗೋ ಆಳ ಕಡಿಮೆಯಾಗತ್ತೆ. 5 ಪಟ್ಟಿನಲ್ಲಿ, ಲೆನ್ಸ್‌ನ ಅಪರ್ಚರ್ ಎಫ್ 5.6 ಇಟ್ಟರೆ, ಸ್ಪಷ್ಟವಾಗಿ ಕಾಣೋ ಪದರ ಮಿಲಿಮೀಟರ್‌ನ ಹತ್ತನೇ ಒಂದು ಭಾಗದ ಆಸುಪಾಸು. ಜೆರಾಕ್ಸ್ ಹಾಳೆ ದಪ್ಪ ಅಷ್ಟೇ. ಕಣ್ಣು ಸ್ಪಷ್ಟ ಇದ್ದರೆ ಬಾಲ ಮಬ್ಬು, ಬೆನ್ನು ಸ್ಪಷ್ಟ ಇದ್ದರೆ ಕಾಲು ಮಬ್ಬು.

ಹಾಗಾದರೆ ಅಪರ್ಚರ್ ಇನ್ನೂ ಚಿಕ್ಕದು ಮಾಡಿದರೆ ಆಯ್ತಲ್ಲ ಅಂತ ಹೊಸಬರು ಎಫ್ 16ಕ್ಕೆ ಹೋಗ್ತಾರೆ. ಇಲ್ಲೇ ಎಡವೋದು. ಹತ್ತಿರದ ಚಿತ್ರದಲ್ಲಿ ಕ್ಯಾಮೆರಾ ತೋರಿಸೋ ಎಫ್ ಸಂಖ್ಯೆ ನಿಜವಲ್ಲ. ಎಷ್ಟು ಪಟ್ಟೋ ಅದಕ್ಕೆ ಒಂದು ಕೂಡಿಸಿ, ಬಂದದ್ದರಿಂದ ಎಫ್ ಸಂಖ್ಯೆಯನ್ನು ಗುಣಿಸಬೇಕು. 5 ಪಟ್ಟಿನಲ್ಲಿ ಎಫ್ 8 ಅಂದ್ರೆ ಕೆಲಸ ಮಾಡೋದು ಎಫ್ 48ರ ಹಾಗೆ. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಚದುರಿ ಇಡೀ ಚಿತ್ರವೇ ಮಂಕಾಗತ್ತೆ, ಕತ್ತಲೂ ಆಗತ್ತೆ. ಅನುಭವಿಗಳು ಈ ಮಟ್ಟದಲ್ಲಿ ಎಫ್ 4 ಮತ್ತು 5.6ರ ನಡುವೆಯೇ ನಿಲ್ಲೋದು ಅದಕ್ಕೇ.

ಇಷ್ಟರ ಮೇಲೆ ಪ್ರಾಣಿ ಸುಮ್ಮನೆ ನಿಲ್ಲೋದಿಲ್ಲ. ಉಸಿರು ತಾಗಿದರೆ ಓಡತ್ತೆ, ನೆರಳು ಬಿದ್ದರೆ ಹಾರತ್ತೆ. ಚಿತ್ರ ತೆಗೆಯೋರ ಎದೆಬಡಿತಕ್ಕೇ ಫೋಕಸ್ ಹೋಗಿ ಬರತ್ತೆ.

ಮೊದಲು ಮೊಬೈಲ್‌ನಲ್ಲೇ

ಗುರುತು ಹಿಡಿಯೋದಷ್ಟೇ ಉದ್ದೇಶ ಆಗಿದ್ದರೆ ಕ್ಯಾಮೆರಾ ಕೊಳ್ಳೋ ಅಗತ್ಯ ಇಲ್ಲ. ಅಗ್ಗದ ಮೊಬೈಲ್‌ಗಳಲ್ಲಿ ಬರೋ 2 ಮೆಗಾಪಿಕ್ಸೆಲ್‌ನ ಮ್ಯಾಕ್ರೊ ಕ್ಯಾಮೆರಾ ಹೆಸರಿಗೆ ಮಾತ್ರ, ಅದನ್ನು ನಂಬೋದು ಬೇಡ. ಮುಖ್ಯ ಕ್ಯಾಮೆರಾದ ಮೇಲೆ ಸಿಕ್ಕಿಸೋ ಕ್ಲಿಪ್ ಲೆನ್ಸ್ ಕೆಲವು ನೂರು ರೂಪಾಯಿಗೆ ಸಿಗತ್ತೆ. ಅದೂ ಬೇಡ ಅಂದ್ರೆ, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸೋ ಭೂತಗನ್ನಡಿ ಅಥವಾ ಚಿನ್ನದ ಕೆಲಸದವರ 10 ಪಟ್ಟಿನ ಲೂಪ್ ಅನ್ನು ಮೊಬೈಲ್ ಲೆನ್ಸ್‌ಗೆ ಒತ್ತಿ ಹಿಡಿದರೂ ಆಗತ್ತೆ. ಕೆಟ್ಟ ಡಿವಿಡಿ ಡ್ರೈವ್‌ನೊಳಗೆ ಬಟಾಣಿಗಿಂತ ಚಿಕ್ಕ ಲೆನ್ಸ್ ಇರತ್ತೆ. ಅದನ್ನು ಬಿಡಿಸಿ, ಕೂದಲಿನ ಪಿನ್ನಿಗೆ ಸಿಕ್ಕಿಸಿ, ಕ್ಯಾಮೆರಾ ಮೇಲೆ ಟೇಪ್ ಹಾಕಿದರೆ ಸ್ಪ್ರಿಂಗ್‌ಟೇಲ್‌ನ ಮೀಸೆಯವರೆಗೆ ಕಾಣತ್ತೆ.

ಯಾವುದೇ ವಿಧಾನದಲ್ಲೂ ಲೆನ್ಸ್ ವಸ್ತುವಿಗೆ ಒಂದೆರಡು ಬೆರಳು ಅಗಲದಷ್ಟು ಹತ್ತಿರ ಹೋಗಲೇಬೇಕು, ಡಿವಿಡಿ ಲೆನ್ಸ್‌ಗಾದರೆ ಇನ್ನೂ ಹತ್ತಿರ. ಫೋಕಸ್ ಬಟನ್ ಒತ್ತೋದರ ಬದಲು ಮೊಬೈಲನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡೋದು, ಅದರ ನಡುವೆ ಒಂದೇ ಸಮನೆ ಹತ್ತಿಪ್ಪತ್ತು ಚಿತ್ರ ಹೊಡೆಯೋದು ಉತ್ತಮ. ಬೆಳಕಿಗೆ ಎರಡನೇ ಮೊಬೈಲ್‌ನ ಟಾರ್ಚ್ ಪಕ್ಕದಿಂದ, ನಡುವೆ ಒಂದು ಬಿಳಿ ಟಿಶ್ಯೂ. ಒಂದು ಚಿತ್ರದಲ್ಲಾದರೂ ಸ್ಟೀಲ್ ಸ್ಕೇಲ್‌ನ ಮಿಲಿಮೀಟರ್ ಗೆರೆ ಜೊತೆಗೆ ಬರಲಿ. ಗಾತ್ರ ಗೊತ್ತಿಲ್ಲದ ಹುಳದ ಫೋಟೊ ನೋಡಿ ತಜ್ಞರೂ ಏನೂ ಹೇಳಲಾರರು.

ಕ್ಯಾಮೆರಾ ಇದ್ದವರಿಗೆ

ದುಬಾರಿ ದಾರಿ ಮೊದಲು ಹೇಳಿಬಿಡೋಣ. ಕ್ಯಾನನ್‌ನ ಎಂಪಿ-ಇ 65 ಮಿಲಿಮೀಟರ್ ಲೆನ್ಸ್ 1ರಿಂದ 5 ಪಟ್ಟಿನವರೆಗೆ ತೆಗೆಯುತ್ತದೆ, ದೂರದ್ದು ಯಾವುದೂ ಅದರಲ್ಲಿ ಕಾಣೋದಿಲ್ಲ. ಲಾವಾ ಕಂಪನಿಯ 25 ಮಿಲಿಮೀಟರ್ ಲೆನ್ಸ್ 2.5ರಿಂದ 5 ಪಟ್ಟು. ಎರಡಕ್ಕೂ ಆಟೊ ಫೋಕಸ್ ಇಲ್ಲ. ಈಗಾಗಲೇ 1 ಪಟ್ಟಿನ ಮ್ಯಾಕ್ರೊ ಲೆನ್ಸ್ ಇದ್ದವರು ಅದರ ಮೂತಿಗೆ ರೇನಾಕ್ಸ್ ಡಿಸಿಆರ್-250 ಅನ್ನೋ ಕ್ಲಿಪ್ ಗಾಜು ಹಾಕಿ 2 ಪಟ್ಟಿನ ಆಸುಪಾಸಿಗೆ ಹೋಗ್ತಾರೆ.

ಮದುವೆ ಫೋಟೊ ತೆಗೆಯೋರ ಬಳಿ ಇರೋ ಸಾಮಾನಿನಲ್ಲೇ ಮಾಡೋ ದಾರಿ ಅಂದ್ರೆ ಲೆನ್ಸ್ ಉಲ್ಟಾ ಹಾಕೋದು. ರಿವರ್ಸ್ ರಿಂಗ್ ಅನ್ನೋ ಅಲ್ಯೂಮಿನಿಯಂ ಬಳೆ ಕೆಲವು ನೂರು ರೂಪಾಯಿ. 50 ಮಿಲಿಮೀಟರ್ ಲೆನ್ಸ್ ತಿರುಗಿಸಿ ಹಾಕಿದರೆ ಸುಮಾರು 1 ಪಟ್ಟು, 28 ಮಿಲಿಮೀಟರ್ ಆದರೆ ಸುಮಾರು 2 ಪಟ್ಟು. ನಡುವೆ ಎಕ್ಸ್‌ಟೆನ್ಶನ್ ಟ್ಯೂಬ್ ಸೇರಿಸಿದರೆ ಇನ್ನೂ ಮೇಲೆ. ವೈಡ್ ಲೆನ್ಸ್ ತಿರುಗಿಸಿದಷ್ಟೂ ದೊಡ್ಡದು ಕಾಣತ್ತೆ ಅನ್ನೋದು ಹೊಸಬರಿಗೆ ಆಶ್ಚರ್ಯ. ಒಂದು ತೊಡಕಿದೆ: ತಿರುಗಿಸಿದ ಲೆನ್ಸ್‌ಗೆ ಕ್ಯಾಮೆರಾದ ಸಂಪರ್ಕ ತಪ್ಪುತ್ತದೆ, ಅಪರ್ಚರ್ ಬದಲಿಸೋಕಾಗಲ್ಲ. ಅದಕ್ಕೆ ಅಪರ್ಚರ್ ಬಳೆ ಇರೋ ಹಳೇ ಫಿಲಂ ಕಾಲದ ಲೆನ್ಸ್ ಒಳ್ಳೇದು. ಎಷ್ಟೋ ಸ್ಟುಡಿಯೊಗಳ ಅಟ್ಟದಲ್ಲಿ ಇಂಥವು ಬೂಸ್ಟು ಹಿಡಿದು ಕೂತಿವೆ. ಲೆನ್ಸ್ ಒಳಗೇ ಬೂಸ್ಟು ಹಿಡಿದಿದ್ದರೆ ಮಾತ್ರ ಪ್ರಯೋಜನ ಇಲ್ಲ. ತಿರುಗಿಸಿದಾಗ ಲೆನ್ಸ್‌ನ ಹಿಂಬದಿ ಹೊರಗೆ ತೆರೆದಿರತ್ತೆ, ಮಳೆ ಹನಿ, ಮಣ್ಣು ತಾಗದ ಹಾಗೆ ನೋಡಿಕೊಳ್ಳಬೇಕು.

ಬೆಳಕೇ ಅರ್ಧ ಕೆಲಸ. ಕಾಡಿನ ನೆರಳಲ್ಲಿ, 5 ಪಟ್ಟಿನಲ್ಲಿ ಸಹಜ ಬೆಳಕು ಸಾಲೋದಿಲ್ಲ, ಫ್ಲ್ಯಾಶ್ ಬೇಕೇ ಬೇಕು. ಫ್ಲ್ಯಾಶ್‌ನ ಇನ್ನೊಂದು ಉಪಕಾರ, ಕಡಿಮೆ ಶಕ್ತಿಯಲ್ಲಿ ಅದು ಸೆಕೆಂಡಿನ ಸಾವಿರಾರು ಭಾಗಗಳಲ್ಲಿ ಒಂದರಷ್ಟು ಹೊತ್ತು ಮಾತ್ರ ಮಿಂಚತ್ತೆ, ಕೈ ನಡುಕ ಅಲ್ಲೇ ನಿಂತುಹೋಗತ್ತೆ. ಶಟರ್ 1/160 ಅಥವಾ 1/200, ಐಎಸ್‌ಒ 100ರಿಂದ 400, ರಾ ಫೈಲ್, ಇದು ಸಾಮಾನ್ಯ ಶುರುವಾತು.

ಆದರೆ ಬರೀ ಫ್ಲ್ಯಾಶ್ ಹೊಡೆದರೆ ಚಿತ್ರ ಹಾಳು. ಸ್ಪ್ರಿಂಗ್‌ಟೇಲ್‌ನ ಮೈ ಮಿನುಗು ಮೈ. ಕೆಲವದರ ಮೇಲೆ ಚಿಟ್ಟೆ ರೆಕ್ಕೆಯ ಹಾಗೆ ಪೊರೆಪೊರೆ ಹುರುಪೆ ಇರತ್ತೆ, ನೀಲಿ, ನೇರಳೆ, ತಾಮ್ರದ ಬಣ್ಣ ಹೊಡೆಯತ್ತೆ. ಗುಂಡು ಜಾತಿಗಳ ಬೆನ್ನು ಹೊಸ ಸ್ಟೀಲ್ ಪಾತ್ರೆ ಥರ. ಮೆತ್ತನೆ ಬೆಳಕಿಲ್ಲದಿದ್ದರೆ ಬೆನ್ನ ಮೇಲೆ ಬಿಳಿ ಕಲೆ ಬಿಟ್ಟು ಬೇರೇನೂ ಕಾಣೋದಿಲ್ಲ. ಟಿವಿ, ಮಿಕ್ಸಿ ಪೆಟ್ಟಿಗೆಯಲ್ಲಿ ಸುತ್ತಿ ಬರೋ ತೆಳು ಬಿಳಿ ಫೋಮ್ ಹಾಳೆ ಈ ಕೆಲಸಕ್ಕೆ ಬಹಳ ಒಳ್ಳೇದು. ಅದನ್ನು ಲೆನ್ಸ್ ಸುತ್ತ ಕಮಾನಿನ ಹಾಗೆ ಬಗ್ಗಿಸಿ, ಫ್ಲ್ಯಾಶ್‌ನಿಂದ ಸ್ವಲ್ಪ ದೂರ, ಹುಳಕ್ಕೆ ಆದಷ್ಟು ಹತ್ತಿರ ಇರೋ ಹಾಗೆ ಕಟ್ಟಬೇಕು. ದೊಡ್ಡ ಹಾಳೆ, ಹತ್ತಿರದ ಹಾಳೆ, ಮೆತ್ತನೆ ಬೆಳಕು. ನೂರಾರು ಡಾಲರ್‌ನ ಡಿಫ್ಯೂಸರ್ ಮಾಡೋದೂ ಇದನ್ನೇ.

ಟ್ರೈಪಾಡ್ ಇಲ್ಲಿ ಅಷ್ಟು ಉಪಯೋಗಕ್ಕೆ ಬರಲ್ಲ, ಕಾಲು ಸರಿಮಾಡೋ ಹೊತ್ತಿಗೆ ಹುಳ ಹೋಗಿರತ್ತೆ. ಎಡಗೈಯಲ್ಲಿ ಎಲೆ ಅಥವಾ ಕಡ್ಡಿ ಹಿಡಿದು, ಲೆನ್ಸ್‌ನ ಮೂತಿಯನ್ನು ಅದೇ ಕೈಯ ಮಣಿಕಟ್ಟಿನ ಮೇಲೆ ಕೂರಿಸಿದರೆ ಹುಳವೂ ಕ್ಯಾಮೆರಾವೂ ಒಟ್ಟಿಗೇ ಅಲುಗುತ್ತವೆ. ನೆಲದ ಮೇಲಾದರೆ ಎರಡು ಸೇರು ಅಕ್ಕಿ ತುಂಬಿದ ಬಟ್ಟೆ ಚೀಲ ಸಾಕು, ಕ್ಯಾಮೆರಾ ಅದರಲ್ಲಿ ಹೂತು ಕೂರತ್ತೆ.

ಹಲವು ಚಿತ್ರ ಸೇರಿಸಿ ಒಂದು

ಇಂಟರ್‌ನೆಟ್‌ನಲ್ಲಿ ಕಾಣೋ, ಮೂತಿಯಿಂದ ಬಾಲದವರೆಗೆ ಎಲ್ಲ ಸ್ಪಷ್ಟ ಇರೋ ಚಿತ್ರಗಳು ಒಂದೇ ಕ್ಲಿಕ್ಕಿನವಲ್ಲ. ಫೋಕಸ್ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಸುತ್ತಾ ತೆಗೆದ ಹಲವು ಚಿತ್ರಗಳಲ್ಲಿ ಸ್ಪಷ್ಟ ಇರೋ ಭಾಗ ಮಾತ್ರ ಆರಿಸಿ ಹೊಲಿದದ್ದು. ಇದಕ್ಕೆ ಫೋಕಸ್ ಸ್ಟ್ಯಾಕಿಂಗ್ ಅಂತಾರೆ. ಹೆಲಿಕಾನ್ ಫೋಕಸ್, ಜೆರೀನ್ ಸ್ಟ್ಯಾಕರ್ ಹೆಚ್ಚು ಬಳಕೆಯ ಸಾಫ್ಟ್‌ವೇರ್, ಫೋಟೊಶಾಪ್‌ನಲ್ಲೂ ಆಗತ್ತೆ.

ಜೀವಂತ ಹುಳದಲ್ಲಿ ನೂರು ಚಿತ್ರ ಸೇರಿಸೋ ಆಸೆ ಬಿಡಬೇಕು. ಅದು ಬೂಸ್ಟು ಮೇಯುತ್ತಾ ನಿಂತಾಗ, ಇಲ್ಲಾ ಮೀಸೆ ಒರೆಸಿಕೊಳ್ಳೋಕೆ ನಿಂತಾಗ ಮೂರರಿಂದ ಹತ್ತು ಚಿತ್ರ ಸಿಕ್ಕರೆ ಪುಣ್ಯ. ಕೆಲವರು ಹುಳವನ್ನು ಫ್ರಿಜ್‌ನಲ್ಲಿಟ್ಟು ಮರಗಟ್ಟಿಸಿ ತೆಗೀತಾರೆ. ಚಿತ್ರ ಸುಂದರ ಬರಬಹುದು, ಆದರೆ ಕಾಲು ಮಡಚಿದ ರೀತಿಯಲ್ಲೇ ಗೊತ್ತಾಗಿಬಿಡತ್ತೆ. ಮೇಯೋ ಹುಳಕ್ಕೆ ಕಾಯೋದೇ ಸರಿಯಾದ ದಾರಿ.

ಎಲ್ಲಿ, ಯಾವಾಗ ಹುಡುಕೋದು

ಮಳೆ ನಿಂತ ಮರುದಿನ ಬೆಳಿಗ್ಗೆ. ತೋಟದಲ್ಲಿ ಬಿದ್ದು ಕೊಳೆಯೋ ಅಡಿಕೆ ಹಾಳೆ, ಸೋಗೆ ರಾಶಿಯ ಕೆಳಪದರ, ಗೊಬ್ಬರ ಗುಂಡಿಯ ಅಂಚು, ಪಾಚಿ ಹಿಡಿದ ಕಂಪೌಂಡ್ ಗೋಡೆ, ಮರದ ದಿಮ್ಮಿಯ ಅಡಿ, ನಾಯಿಕೊಡೆಯ ಕೊಡೆಯ ಒಳಗೆ. ಪೇಟೆಯವರಿಗೆ ಕುಂಡದ ತಟ್ಟೆಯೇ ಸಾಕು. ಮೇಲೆತ್ತಿದ ಹಾಳೆಯನ್ನು ಮೊದಲಿದ್ದ ಹಾಗೇ ಮಗುಚಿ ಇಡಬೇಕು. ಬಿಸಿಲಿಗೆ ತೆರೆದು ಹೋದರೆ ಅಡಿಯಲ್ಲಿದ್ದದ್ದೆಲ್ಲ ಒಣಗಿ ಸಾಯತ್ತೆ.

ಉದ್ದನೆಯವು ಬೇಗ ಕಣ್ಣಿಗೆ ಬೀಳತ್ತೆ, ಮೀಸೆ ಉದ್ದ, ಓಟ ಜೋರು. ಗಿಡ್ಡ ಕಾಲಿನ, ದಪ್ಪ ಮೈಯ ಗುಂಪು ಒಂದಿದೆ, ನಿಧಾನ ಹೋಗತ್ತೆ. ಅದರಲ್ಲಿ ಕೆಲವಕ್ಕೆ ಬಾಲದ ಕವಲೇ ಇಲ್ಲ, ಮೈಮೇಲೆ ಗುಬುಟು, ಬಣ್ಣ ಕಿತ್ತಳೆ ಅಥವಾ ನೀಲಿ. ಫೋಟೊ ತೆಗೆಯೋರ ಮುದ್ದು ಮಾತ್ರ ಮೂರನೇ ಗುಂಪು: ಗುಂಡು ಹೊಟ್ಟೆ, ದೊಡ್ಡ ತಲೆ, ಜಾತ್ರೆಯ ಪ್ಲಾಸ್ಟಿಕ್ ಆಟಿಕೆಯ ಹಾಗೆ. ಗೆದ್ದಲು, ಇರುವೆ ಗೂಡಿನೊಳಗೇ ಬದುಕೋ ಕುರುಡು ಬಿಳಿ ಸೈಫೋಡೆರಸ್ ಕೂಡ ಇವೆ.

ಕಣ್ಣಿನ ಜಾಗಕ್ಕೆ ಫೋಕಸ್ ಇಡಬೇಕು. ಇದಕ್ಕೆ ನೊಣದಂಥ ದೊಡ್ಡ ಕಣ್ಣಿಲ್ಲ. ತಲೆಯ ಎರಡೂ ಪಕ್ಕ ಒಂದು ಕಪ್ಪು ಮಚ್ಚೆ, ಅದರ ಮೇಲೆ ಹೆಚ್ಚೆಂದರೆ ಎಂಟೆಂಟು ಮಣಿ ಕಣ್ಣು. ಆ ಮಣಿಗಳು ಬಿಡಿ ಬಿಡಿ ಕಂಡರೆ ಫೋಕಸ್ ಸರಿ ಇದೆ ಅಂತ ಲೆಕ್ಕ.

ಮಣ್ಣಿನೊಳಗಿನವನ್ನು ಹೊರಗೆ ತರೋಕೆ ಇಟಲಿಯ ಅಂಟೋನಿಯೊ ಬರ್ಲೇಸೆ 1905ರಲ್ಲಿ ಒಂದು ಉಪಾಯ ಮಾಡಿದ. ಅದರ ಸುಧಾರಿತ ರೂಪ ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ನಡೀತಿದೆ. ಸೀಮೆಎಣ್ಣೆ ಲಾಳಿಕೆಯಂಥ ದೊಡ್ಡ ಲಾಳಿಕೆ, ಒಳಗೆ ಜಾಲರಿ, ಜಾಲರಿ ಮೇಲೆ ಒದ್ದೆ ದರಗು, ಮೇಲಿಂದ ಒಂದು ಸಣ್ಣ ಬುರುಡೆ ಬಲ್ಬು. ಮೇಲಿಂದ ಒಣಗುತ್ತಾ ಬಂದ ಹಾಗೆ ಹುಳಗಳು ತೇವ ಹುಡುಕಿ ಕೆಳಗಿಳಿದು, ಅಡಿಯಲ್ಲಿಟ್ಟ ಒದ್ದೆ ಡಬ್ಬಿಗೆ ಉದುರುತ್ತವೆ. ಎಲ್‌ಇಡಿ ಬಲ್ಬು ಆಗಲ್ಲ, ಅದರಲ್ಲಿ ಬಿಸಿ ಸಾಲದು. ಬಲ್ಬು ದರಗಿಗೆ ತಾಗದ ಹಾಗೆ ಇಡಬೇಕು, ಬಿಟ್ಟು ಹೊರಗೆ ಹೋಗಬಾರದು.

ಒಂದು ಎಚ್ಚರಿಕೆ ಮಲೆನಾಡಿನವರಿಗೆ ವಿಶೇಷವಾಗಿ. ಒಣ ದರಗಿನಲ್ಲಿ ಮಂಡಿಯೂರಿ, ಮಲಗಿ ಫೋಟೊ ತೆಗೆಯೋ ಹವ್ಯಾಸ ಇದು. ಡಿಸೆಂಬರ್‌ನಿಂದ ಮೇ ನಡುವೆ ಅದೇ ದರಗಿನಲ್ಲಿ ಉಣುಗು ಇರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡೋದು ಉಣುಗಿನಿಂದಲೇ. ಆ ತಿಂಗಳುಗಳಲ್ಲಿ ಕಾಡಂಚಿನ ನೆಲದಲ್ಲಿ ಮಲಗೋ ಸಾಹಸ ಬೇಡ. ಮಂಗ ಸತ್ತ ಸುದ್ದಿ ಇರೋ ಕಡೆ ಹೋಗಲೇಬಾರದು. ಉದ್ದ ತೋಳಿನ ಬಟ್ಟೆ, ಆರೋಗ್ಯ ಇಲಾಖೆ ಹೇಳೋ ಲೇಪನ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಒಗೆತ. ಕಾಡಿಗೆ ಹೋಗಿಬಂದ ಮೇಲೆ ಜ್ವರ ಬಂದರೆ ಆ ವಿಷಯ ವೈದ್ಯರಿಗೆ ಹೇಳಲೇಬೇಕು. ಸ್ಪ್ರಿಂಗ್‌ಟೇಲ್ ಹೇಗೂ ಮಳೆಗಾಲದ ಬೆಳೆ; ಆಗ ಉಂಬಳದ ಕಾಟ ಅಷ್ಟೇ.

ಜಿಗಿತ ಹಿಡಿಯೋಕೆ ಆಗತ್ತಾ?

ಸಾಮಾನ್ಯ ಕ್ಯಾಮೆರಾದಲ್ಲಿ ಇಲ್ಲ. ಅಮೆರಿಕದ ನಾರ್ತ್ ಕೆರೊಲಿನಾದ ಏಡ್ರಿಯನ್ ಸ್ಮಿತ್ ಮತ್ತು ಜೊತೆಗಾರರು ಡಿಸಿರ್ಟೊಮಿನಾ ಮೈನ್ಯೂಟಾ ಅನ್ನೋ ಗುಂಡು ಜಾತಿಯನ್ನು ಸೆಕೆಂಡಿಗೆ 40,000 ಚಿತ್ರ ತೆಗೆಯೋ ಕ್ಯಾಮೆರಾದಲ್ಲಿ ಹಿಡಿದು 2024ರಲ್ಲಿ ಪ್ರಕಟಿಸಿದರು. ಅದು ಹಿಮ್ಮುಖ ಲಾಗ ಹಾಕುತ್ತಾ ಏಳತ್ತೆ, ವೇಗ ಸೆಕೆಂಡಿಗೆ 368 ಸುತ್ತಿನವರೆಗೆ. ನೆಲ ಬಿಡೋಕೆ ಸೆಕೆಂಡಿನ ಸಾವಿರದಲ್ಲಿ ಎರಡು ಭಾಗವೂ ಬೇಡ. ಏರೋದು 6 ಸೆಂಟಿಮೀಟರ್‌ವರೆಗೆ. 1/200 ಶಟರ್ ತೆರೆದು ಮುಚ್ಚೋ ಹೊತ್ತಿಗೆ ಅದು ಹೆಚ್ಚುಕಮ್ಮಿ ಎರಡು ಲಾಗ ಮುಗಿಸಿರತ್ತೆ.

ನೀರ ಮೇಲಿನ ಜಾತಿಗಳು ಇನ್ನೂ ಜಾಣ. ಹಾರುವಾಗ ಹೊಟ್ಟೆಯ ಕೊಳವೆಯಲ್ಲಿ ಒಂದು ಹನಿ ನೀರು ಹೊತ್ತೊಯ್ಯುತ್ತವೆ, ಆ ಭಾರದಿಂದ ಮೈ ತಿರುಗಿ ಕಾಲು ಕೆಳಗಾಗಿ ಇಳಿಯುತ್ತವೆ. ಇದನ್ನು 2022ರಲ್ಲಿ ಜಾರ್ಜಿಯಾ ಟೆಕ್‌ನ ಸಂಶೋಧಕರು ತೋರಿಸಿ, ಅದೇ ತತ್ವದಲ್ಲಿ ಪುಟ್ಟ ರೋಬೊ ಕೂಡ ಮಾಡಿದರು.

ಬ್ಯಾಂಕ್ ರಜೆ ಕೊಡಿಸಿದವನೇ ಹೆಸರಿಟ್ಟವನು

ಈ ಗುಂಪಿಗೆ ಕೊಲೆಂಬೊಲ ಅನ್ನೋ ವೈಜ್ಞಾನಿಕ ಹೆಸರು ಕೊಟ್ಟವನು ಇಂಗ್ಲೆಂಡಿನ ಜಾನ್ ಲಬಕ್. ಗ್ರೀಕ್‌ನಲ್ಲಿ ಅಂಟು ಮತ್ತು ಬೆಣೆ ಎಂಬರ್ಥದ ಪದಗಳಿಂದ ಮಾಡಿದ್ದು, ಕಾರಣ ಆ ಹೊಟ್ಟೆಯ ಕೊಳವೆ. ಲಬಕ್ ವೃತ್ತಿಯಲ್ಲಿ ಬ್ಯಾಂಕಿನವನು, ಸಂಸತ್ ಸದಸ್ಯ, ಚಾರ್ಲ್ಸ್ ಡಾರ್ವಿನ್‌ನ ನೆರೆಮನೆಯವನು. ಬ್ರಿಟನ್ನಿನಲ್ಲಿ 1871ರ ಬ್ಯಾಂಕ್ ರಜಾ ಕಾಯ್ದೆ ತಂದವನೂ ಇವನೇ. ಎರಡು ವರ್ಷ ಬಿಟ್ಟು 1873ರಲ್ಲಿ ಸ್ಪ್ರಿಂಗ್‌ಟೇಲ್‌ಗಳ ಮೇಲೆ ಬಣ್ಣದ ಚಿತ್ರಗಳ ದೊಡ್ಡ ಗ್ರಂಥ ಹೊರತಂದ. ಆ ಚಿತ್ರಗಳೆಲ್ಲ ಕೈಯಲ್ಲಿ ಬರೆದವು. ಹಗಲು ಲೇವಾದೇವಿ, ಬಿಡುವಿನಲ್ಲಿ ಹುಳ. ಅಂಗಡಿ ಇಟ್ಟುಕೊಂಡೇ ಹವ್ಯಾಸ ಮಾಡೋರಿಗೆ ಇವನು ಒಳ್ಳೆ ಜೊತೆ.

ಭಾರತದ ನಂಟೂ ಒಂದಿದೆ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿನ ಕಲ್ಲಿನಲ್ಲಿ ಸುಮಾರು 40 ಕೋಟಿ ವರ್ಷ ಹಳೆಯ ಸ್ಪ್ರಿಂಗ್‌ಟೇಲ್ ಪಳೆಯುಳಿಕೆ ಸಿಕ್ಕಿದೆ. ಆರು ಕಾಲಿನ ಜೀವಿಗಳ ಅತಿ ಹಳೆಯ ಗುರುತುಗಳಲ್ಲಿ ಅದೂ ಒಂದು. 1926ರಲ್ಲಿ ಅದಕ್ಕೆ ರೈನಿಯೆಲ್ಲಾ ಪ್ರಿಕರ್ಸರ್ ಅಂತ ಹೆಸರಿಟ್ಟ ಇಬ್ಬರಲ್ಲಿ ಒಬ್ಬರು ಹರ್ಸ್ಟ್, ಇನ್ನೊಬ್ಬರು ಬಂಗಾಳ ಮೂಲದ ಕೀಟತಜ್ಞ ಸಮರೇಂದ್ರ ಮೌಲಿಕ್.

ಫೋಟೊ ತೆಗೆದ ಮೇಲೆ

ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಉಚಿತವಾಗಿ ಹಾಕಬಹುದು. ದಿನಾಂಕ, ಊರು, ಯಾವುದರ ಮೇಲಿತ್ತು ಅನ್ನೋದು ಜೊತೆಗೆ ಬೇಕು. "ಬಚ್ಚಲಲ್ಲಿ" ಅನ್ನೋದಕ್ಕಿಂತ "ಬಚ್ಚಲ ಹಂಡೆ ಒಲೆಯ ಹಿಂದಿನ ಪಾಚಿ ಮೇಲೆ" ಅಂತ ಬರೆದರೆ ನೋಡೋರಿಗೆ ಅನುಕೂಲ. ಮೇಲಿಂದ ಒಂದು, ಪಕ್ಕದಿಂದ ಒಂದು ಚಿತ್ರ ಇರಲಿ. ಪಕ್ಕದ್ದರಲ್ಲಿ ಬಾಲದ ಕವಲು ಕಂಡರೆ ಚಿಗಟದ ಅನುಮಾನ ಅಲ್ಲಿಗೇ ಮುಗಿಯಿತು.

ಜಾತಿಯ ಪೂರ್ತಿ ಹೆಸರು ಸಿಗತ್ತೆ ಅಂತ ಕಾಯೋದು ಬೇಡ. ಬಹುಪಾಲು ಜಾತಿಗಳನ್ನು ಮೈಮೇಲಿನ ಕೂದಲಿನ ಜೋಡಣೆ, ಉಗುರಿನ ಹಲ್ಲು ಎಣಿಸಿ, ಸೂಕ್ಷ್ಮದರ್ಶಕದಲ್ಲೇ ಗುರುತಿಸಬೇಕು. ಫೋಟೊದಲ್ಲಿ ಕುಟುಂಬದ ಮಟ್ಟ ಸಿಕ್ಕರೆ ದೊಡ್ಡದು.

ಮಕ್ಕಳಿಗೆ ತೋರಿಸಬೇಕು ಅಂತಿದ್ದರೆ ಸಾಕೋದೂ ಸುಲಭ. ಮುಚ್ಚಳ ಇರೋ ಸಿಹಿ ಡಬ್ಬಿಯಲ್ಲಿ ಒಂಬತ್ತು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಒಂದು ಪಾಲು ಇದ್ದಿಲ ಪುಡಿ ಬೆರೆಸಿ, ಅರ್ಧ ಇಂಚು ದಪ್ಪ ಹುಯ್ದು ಗಟ್ಟಿಯಾಗೋಕೆ ಬಿಡೋದು. ಆಮೇಲೆ ನೀರು ಚಿಮುಕಿಸಿ, ಕುಂಡದಿಂದ ಹತ್ತಿಪ್ಪತ್ತು ಹುಳವನ್ನು ಒದ್ದೆ ಬ್ರಷ್‌ನಲ್ಲಿ ಎತ್ತಿ ಬಿಡೋದು. ಊಟಕ್ಕೆ ಬೇಕರಿಯಲ್ಲಿ ಸಿಗೋ ಯೀಸ್ಟ್ ನಾಲ್ಕೈದು ಕಾಳು ಸಾಕು, ಜಾಸ್ತಿ ಹಾಕಿದರೆ ಬೂಸ್ಟು ಹಬ್ಬಿ ಡಬ್ಬಿ ಕೆಡತ್ತೆ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿ ಆಡಿಸಿ, ಪ್ಲಾಸ್ಟರ್ ಒಣಗಿದ್ದರೆ ಮತ್ತೆ ನೀರು. ಕಪ್ಪು ನೆಲದ ಮೇಲೆ ಬಿಳಿ ಹುಳ ಎದ್ದು ಕಾಣೋದರಿಂದ ಫೋಟೊಗೂ ಅದೇ ಡಬ್ಬಿ ಅನುಕೂಲ.